ಅಮ್ಮಣ್ಣಿ ಮಲಗಿದ್ದಾಗ

“ಈಗ ಹೇಳಿ ಮೇಷ್ಟ್ರೇ, ಇದರಲ್ಲಿ ಚೆನ್ನಾಗಿ ಕಾಣುತ್ತಾ, ಇದರಲ್ಲಾ?” ಎಂದು ಅವನು ಗಾಜು ಬದಲಿಸಿ ಕೇಳಿದ. ಮೂಗಿನ ಮೇಲೆ ಪರೀಕ್ಷೆಯ ಭಾರದ ಚೌಕಟ್ಟು ಹೊತ್ತು ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದ ಮುದಿ ಮೇಷ್ಟ್ರು ಗೋಡೆಯ ಮೇಲಿನ ಅಕ್ಷರಗಳನ್ನು ಹುಡುಗರ ಉತ್ತರಪತ್ರಿಕೆ ನೋಡುವಂತೆ ಅನುಮಾನದಿಂದ ನೋಡಿದರು. “ಎರಡೂ ಒಂದೇ ಥರ ಇದೆಯಪ್ಪ.” “ಒಂದೇ ಥರ ಇರೋಕೆ ಸಾಧ್ಯವೇ ಇಲ್ಲ. ಸರಿಯಾಗಿ ನೋಡಿ.” “ಸರಿಯಾಗಿ ನೋಡೋ ಹಾಗಿದ್ರೆ ನಿನ್ನ ಅಂಗಡಿಗೆ ಯಾಕೆ ಬರ್ತಿದ್ದೆ?” ಎಂದು ಮೇಷ್ಟ್ರು ನಕ್ಕರು. ಬೇರೆ ದಿನವಾಗಿದ್ದರೆ ಅವನೂ ನಗುತ್ತಿದ್ದ. ಕನ್ನಡಕದ ಅಂಗಡಿ ಇಟ್ಟಾಗಿನಿಂದ ಅವನು ಜನರನ್ನು ಕೇಳುತ್ತ ಬಂದದ್ದು ಇದೊಂದೇ ಪ್ರಶ್ನೆ, ಇದಾ, ಅದಾ. ಮತ್ತು ಹೇಳಲಾರದೆ ತಡವರಿಸುವವರನ್ನು ಕಂಡರೆ ಅವನಿಗೆ ಒಳಗೊಳಗೇ ಸ್ವಲ್ಪ ತಾತ್ಸಾರ. ಕಣ್ಣು ನಿಮ್ಮದೇ, ಕಾಣುತ್ತಿರುವುದು ನಿಮಗೇ, ಹೇಳಲು ಏನು ಕಷ್ಟ? ಇವತ್ತು ಬೆಳಿಗ್ಗೆ ಪ್ರಾಣಿಗಳ ಡಾಕ್ಟರು ಅವನ ಎದುರು ಕೂತು ಇಂಥದೇ ಒಂದು ಪ್ರಶ್ನೆ ಕೇಳಿದ್ದರು. ಅವನು ಬೆವರು ಒರೆಸಿಕೊಂಡು, “ಯೋಚನೆ ಮಾಡಿ ಹೇಳ್ತೀನಿ” ಎಂದು ಎದ್ದು ಬಂದಿದ್ದ. ಬೆಕ್ಕನ್ನು ಕೊಂಡೊಯ್ದಿದ್ದ ಬುಟ್ಟಿ ಈಗ ಖಾಲಿಯಾಗಿ ಅವನ ಕಾಲ ಬಳಿ ಬಿದ್ದಿತ್ತು, ಒಳಗಿನ ಹಳೆಯ ಟವೆಲಿನಲ್ಲಿ ಬೂದು ಕೂದಲು.

ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಆಕೆ ಮಾತಾಡುವಾಗ ಅವನ ಮುಖ ನೋಡದೆ ಅಮ್ಮಣ್ಣಿಯ ಕಿವಿಯನ್ನೇ ಸವರುತ್ತಿದ್ದರು. ಅಮ್ಮಣ್ಣಿ ಎಂದರೆ ಮನೆಯ ಬೆಕ್ಕು. ಮನುಷ್ಯರ ಲೆಕ್ಕದಲ್ಲಿ ಅವನಿಗಿಂತ ಎಷ್ಟೋ ದೊಡ್ಡವಳು, ಬೆನ್ನು ಮೂಳೆಗಳು ಒಂದೊಂದೂ ಕೈಗೆ ಸಿಗುವಷ್ಟು ಸೊರಗಿದವಳು. “ಕಿಡ್ನಿ ಸೋತಿದೆ. ಡ್ರಿಪ್ ಹಾಕಿ ಇಲ್ಲೇ ಬೋನಿನಲ್ಲಿ ಇಟ್ಕೊಂಡು ನೋಡಬಹುದು. ಇಲ್ಲ, ಮನೇಲೇ ಚರ್ಮದ ಕೆಳಗೆ ಒಂದಿಷ್ಟು ನೀರು ಕೊಡ್ತಾ ಇರಬಹುದು. ಅದೂ ಬೇಡ ಅಂದ್ರೆ, ನೋವಿಲ್ಲದ ಹಾಗೆ ಮಲಗಿಸೋ ಇಂಜೆಕ್ಷನ್ನು...” ಅಲ್ಲಿಗೆ ಬಂದಾಗ ಕಿವಿ ಸವರುವ ಬೆರಳು ನಿಂತಿತು. “ಒಂದು ಮಾತ್ರ ನಂಗೆ ಅರ್ಥ ಆಗ್ತಿಲ್ಲ. ಜಾಸ್ತಿ ಇದ್ದ ಥೈರಾಯ್ಡು ಈಗ ಪಾತಾಳಕ್ಕೆ ಇಳಿದಿದೆ. ಮಾತ್ರೆ ನಾನು ಹೇಳಿದಷ್ಟೇ ತಾನೇ ಕೊಟ್ಟಿದ್ದು? ಬೆಳಿಗ್ಗೆ ಅರ್ಧ, ಸಂಜೆ ಅರ್ಧ?” “ಅಷ್ಟೇ” ಎಂದ ಅವನು, ಆ ಕ್ಷಣಕ್ಕೆ ಅದು ನಿಜವೆಂದೇ ನಂಬಿ. “ಯಾಕೆ ಕೇಳ್ದೆ ಅಂದ್ರೆ, ಮಾತ್ರೆ ಹೆಚ್ಚಾಗಿ ಕಿಡ್ನಿ ಸುಸ್ತಾಗಿದ್ರೆ, ನಿಲ್ಲಿಸಿದ್ ಮೇಲೆ ಸ್ವಲ್ಪ ಚೇತರಿಸ್ಕೋಬಹುದು. ಪ್ರಯತ್ನ ಮಾಡೋಕೆ ಅರ್ಥ ಇರುತ್ತೆ. ಸರಿಯಾಗಿ ಕೊಟ್ಟೂ ಹೀಗಾಗಿದ್ರೆ ಅದು ವಯಸ್ಸು. ಆಗ ಚುಚ್ಚಿ ಚುಚ್ಚಿ ಹಿಂಸೆ ಮಾಡಿ ಅಂತ ನಾನು ಹೇಳಲ್ಲ. ಸಂಜೆವರೆಗೂ ಡ್ರಿಪ್ಪಿನಲ್ಲಿ ಇಟ್ಟಿರ್ತೀನಿ. ಮನೇಲಿ ಕೂತು ಮಾತಾಡಿ.”

ಮನೇಲಿ ಕೂತು ಮಾತಾಡಿ. ಎಷ್ಟು ಸಲೀಸಾಗಿ ಹೇಳಿಬಿಟ್ಟರು. ಆ ಮನೆಯಲ್ಲಿ ಇರುವುದು ಅವನು ಮತ್ತು ಅವನ ತಂಗಿ, ಇಬ್ಬರೇ. ಮುಂದಿನ ಕೋಣೆಯಲ್ಲಿ ತಂಗಿಯ ಹೊಲಿಗೆ ಮಿಶಿನ್ನು; ಊರವರ ಕಾಲರು, ತೋಳು, ಕಿತ್ತುಹೋದ ಜೇಬು ಎಲ್ಲ ಅಲ್ಲಿ ಸರಿಯಾಗುತ್ತಿದ್ದವು. ಅಣ್ಣ ತಂಗಿ ಒಬ್ಬರನ್ನೊಬ್ಬರು ನೇರವಾಗಿ ಮಾತಾಡಿಸುತ್ತಿರಲಿಲ್ಲ. ಜಗಳವೇ ಎಂದರೆ ಜಗಳವಲ್ಲ. ಯಾವಾಗಿನಿಂದ ಎಂದು ಕೇಳಿದರೆ ಇಬ್ಬರಿಗೂ ಗೊತ್ತಿಲ್ಲ. ಮಾತಿಗೇನೂ ಕೊರತೆ ಇರಲಿಲ್ಲ, ಎಲ್ಲ ಮಾತೂ ಅಮ್ಮಣ್ಣಿಯ ಮೂಲಕ ಹೋಗಿಬರುತ್ತಿತ್ತು ಅಷ್ಟೆ. “ಅಮ್ಮಣ್ಣೀ, ನಿಮ್ಮ ಮಾವನಿಗೆ ಹೇಳು, ಊಟ ಆರಿ ತಣ್ಣಗಾಗ್ತಿದೆ ಅಂತ.” “ಅಮ್ಮಣ್ಣೀ, ನಿಮ್ಮಮ್ಮನ್ನ ಕೇಳು, ನನ್ನ ಬಿಳಿ ಅಂಗಿಗೆ ಗುಂಡಿ ಹಾಕಾಯ್ತಾ, ಇಲ್ಲ ಊರವರದ್ದೆಲ್ಲ ಮುಗಿದ ಮೇಲಾ ಅಂತ.” “ನಿಮ್ಮ ಮಾವನ ಗೊರಕೆಗೆ ಬೀದಿ ನಾಯಿಗಳು ಎದ್ದು ಓಡ್ತಿವೆ ಅಂತ ಹೇಳು.” “ನಿಮ್ಮಮ್ಮನ ಮಿಶಿನ್ನಿಗಿಂತ ವಾಸಿ ಅಂತ ಹೇಳು.” ಇಬ್ಬರ ನಡುವೆ ಕೂತ ಬೆಕ್ಕು ಒಮ್ಮೆ ಇವನ ಕಡೆ, ಒಮ್ಮೆ ಅವಳ ಕಡೆ ಕಿವಿ ಹೊರಳಿಸುತ್ತ, ನ್ಯಾಯ ಹೇಳುವ ಹಿರಿಯಳಂತೆ ಕಣ್ಣು ಅರೆ ಮುಚ್ಚಿಕೊಂಡಿರುತ್ತಿತ್ತು. ಅಕ್ಕಪಕ್ಕದವರು ನಗುತ್ತಿದ್ದರು, ಇವರೂ ನಗುತ್ತಿದ್ದರು. ಆಟವಾಗಿ ಶುರುವಾದದ್ದು ಯಾವ ದಿನ ಅಭ್ಯಾಸವಾಯಿತೋ, ಅಭ್ಯಾಸ ಯಾವ ದಿನ ಏಕೈಕ ದಾರಿಯಾಯಿತೋ, ಹಿಂದಿರುಗಿ ನೋಡಿದರೆ ಅವನಿಗೆ ಒಂದೂ ಹೊಳೆಯುತ್ತಿರಲಿಲ್ಲ. ಕಾಯಿಲೆ ಬಿದ್ದಾಗಿನಿಂದ ಅಮ್ಮಣ್ಣಿಗೆ ನಿದ್ದೆ ಹೆಚ್ಚು. ಅವಳು ಮಲಗಿದರೆ ಮನೆಯಲ್ಲಿ ಮಾತು ನಿಲ್ಲುತ್ತಿತ್ತು. ಮಾತು ಕಳಿಸಲು ಯಾರೂ ಇರುತ್ತಿರಲಿಲ್ಲ, ಮಾತಿಗೋಸ್ಕರ ಕಾಯಿಲೆಯ ಜೀವವನ್ನು ಎಬ್ಬಿಸುವಷ್ಟು ಕಟುಕರೂ ಅಲ್ಲ ಇಬ್ಬರೂ.

ಮಾತ್ರೆಯ ಹಾಳೆ ಅಡುಗೆಮನೆಯ ಕಿಟಕಿಯಲ್ಲಿ ಇರುತ್ತಿತ್ತು. ಬೆಳಿಗ್ಗೆ ಅವನು ಎದ್ದು ಬಂದಾಗ ಅಮ್ಮಣ್ಣಿ ಒಲೆಯ ಪಕ್ಕ ಸುತ್ತಿಕೊಂಡು ಮಲಗಿರುತ್ತಿದ್ದಳು. ಕೊಟ್ಟಾಯ್ತಾ ಎಂದು ಕೇಳಬೇಕು. ಯಾರ ಮೂಲಕ ಕೇಳುವುದು? ಕೊಡದೆ ಹೋದರೆ ತಪ್ಪಿಹೋದೀತಲ್ಲ ಎಂದು ಅವನು ಮೆಲ್ಲನೆ ಅವಳ ಬಾಯಿ ಬಿಡಿಸಿ, ಅರ್ಧ ಮಾತ್ರೆಯನ್ನು ನಾಲಗೆಯ ಹಿಂದಕ್ಕೆ ತಳ್ಳಿ, ಗಂಟಲು ನೀವಿ, ಒಂದು ಪುಣ್ಯದ ಕೆಲಸ ಮಾಡಿದ ಸಮಾಧಾನದಲ್ಲಿ ಅಂಗಡಿಗೆ ಹೋಗುತ್ತಿದ್ದ. ಸಂಜೆಯೂ ಹಾಗೆಯೇ. ಹಾಳೆ ಬೇಗ ಖಾಲಿಯಾಗುತ್ತಿದೆ ಎಂದು ಅನಿಸಿರಲಿಲ್ಲವೇ? ಅನಿಸಿತ್ತು. ಒಂದು ಬೆಳಿಗ್ಗೆ ಕಿಟಕಿಯ ಕಟ್ಟೆಯ ಮೇಲೆ ಮಾತ್ರೆ ಮುರಿದ ಬಿಳಿ ಪುಡಿ ಆಗಷ್ಟೇ ಉದುರಿದಂತೆ ಬಿದ್ದಿತ್ತು. ಅದನ್ನು ಅವನು ಕಂಡಿದ್ದ. ಕಂಡು, ಅಂಗೈಯಿಂದ ಒರೆಸಿ, ತನ್ನ ಪಾಲಿನ ಅರ್ಧವನ್ನು ಮುರಿದಿದ್ದ. ಈಗ ಗಾಜುಗಳ ಪೆಟ್ಟಿಗೆಯ ಎದುರು ನಿಂತಾಗ ಆ ಪುಡಿ ಅಂಗೈಯಲ್ಲಿ ಮತ್ತೆ ಒರಟಾಗಿ ತಗುಲಿದಂತಾಯಿತು. “ಅಯ್ಯೋ, ಇದ್ದದ್ದೂ ಹೋಯ್ತಲ್ಲಯ್ಯಾ!” ಎಂದು ಮೇಷ್ಟ್ರು ಕೂಗಿಕೊಂಡರು. ಯಾವುದೋ ಗಾಜು ಹಾಕಿಬಿಟ್ಟಿದ್ದ. “ನಾಳೆ ಬನ್ನಿ ಮೇಷ್ಟ್ರೇ. ಇವತ್ತು ನನಗೇ ಏನೂ ಕಾಣ್ತಿಲ್ಲ” ಎಂದು ಅವರ ಮುಖದಿಂದ ಚೌಕಟ್ಟು ಬಿಡಿಸಿಕೊಂಡ.

ಮನೆಯ ದಾರಿಯಲ್ಲಿ ಖಾಲಿ ಬುಟ್ಟಿ ಕಾಲಿಗೆ ಬಡಿಯುತ್ತಿತ್ತು. ಬೆಕ್ಕಿದ್ದಾಗ ಇದ್ದದ್ದಕ್ಕಿಂತ ಈಗಲೇ ಭಾರ ಎನಿಸಿತು. ದಿನಾ ಅಂಗಡಿಯ ಬಾಗಿಲೆತ್ತುವಾಗ ದೇವರನ್ನು ನೆನೆಯುವುದು ಅವನ ರೂಢಿ. ಇವತ್ತು ನಡೆಯುತ್ತಲೇ ನೆನೆದ. ನೀನೇ ಕರೆದುಕೋ ತಂದೆ, ಡ್ರಿಪ್ಪಿನಲ್ಲಿ ಮಲಗಿರುವಾಗಲೇ, ನನ್ನ ಬಾಯಿಂದ ಹೇಳಿಸಬೇಡ. ಬೇಡಿಕೊಂಡ ಮೇಲೆ ನಾಚಿಕೆಯಾಯಿತು. ಭಗವಂತನನ್ನೂ ಅಮ್ಮಣ್ಣಿಯನ್ನಾಗಿ ಮಾಡಿಕೊಂಡೆನಲ್ಲ, ನಾನು ಆಡಬೇಕಾದ್ದನ್ನು ಅವನಿಂದ ಆಡಿಸುತ್ತಿದ್ದೇನಲ್ಲ. ಕೇಳಬೇಕಾದ್ದು ಒಂದೇ ಮಾತು: ಮಾತ್ರೆ ನೀನೂ ಕೊಡುತ್ತಿದ್ದೆಯಾ? ಹೌದೆಂದರೆ ಬೆಕ್ಕಿಗೆ ಉಳಿಯುವ ಅವಕಾಶ ಒಂದಿಷ್ಟು, ತಮ್ಮಿಬ್ಬರಿಗೂ ವಿಷವಿಟ್ಟ ಪಾಪ. ಇಲ್ಲವೆಂದರೆ ತಾವು ಪಾಪದಿಂದ ಪಾರು, ಬೆಕ್ಕಿಗೆ ದಾರಿ ಮುಗಿಯಿತು. ತನಗೆ ಯಾವ ಉತ್ತರ ಬೇಕು? ಒಂದು ಹೆಜ್ಜೆಗೆ ಹೌದು, ಇನ್ನೊಂದು ಹೆಜ್ಜೆಗೆ ಇಲ್ಲ ಎನ್ನುತ್ತ, ಚಿಕ್ಕಂದಿನ ಕುಂಟಾಟದಂತೆ, ಅವನು ಮನೆಯ ಮೆಟ್ಟಿಲು ಹತ್ತಿದ.

ಮಿಶಿನ್ನಿನ ಸದ್ದು ನಿಂತಿತು. ತಂಗಿ ಬಾಯಲ್ಲಿದ್ದ ದಾರ ತೆಗೆದು ಬುಟ್ಟಿಯ ಕಡೆ ನೋಡಿದಳು. “ಅಮ್ಮಣ್ಣೀ, ನಿಮ್ಮ ಮಾವ...” ಎಂದು ಶುರು ಮಾಡಿದವಳಿಗೆ ಬುಟ್ಟಿಯಲ್ಲಿ ಟವೆಲು ಮಾತ್ರ ಕಂಡಿತು. ಅವಳ ಮುಖ ಬಿಳಿಚಿಕೊಳ್ಳುವುದನ್ನು ನೋಡಿ ಅವನು ಗಾಬರಿಯಿಂದ, ಗೋಡೆಗೆ ಹೇಳುವಂತೆ, “ಇದಾಳೆ, ಇದಾಳೆ. ಡ್ರಿಪ್ ಹಾಕಿದಾರೆ” ಎಂದ. ಆಮೇಲೆ ನೀರು ಕುಡಿದ. ಲೋಟ ತೊಳೆದಿಟ್ಟ. ತೊಳೆದ ಲೋಟವನ್ನು ಇನ್ನೊಮ್ಮೆ ತೊಳೆದ. ಗಿರಾಕಿಗಳನ್ನು ಕೇಳುವ ದನಿಯೊಂದು ಬಿಟ್ಟರೆ ಬೇರೆ ದನಿ ಅವನ ಬಳಿ ಇರಲಿಲ್ಲ, ಅದರಲ್ಲೇ ಕೇಳಿದ. “ಮಾತ್ರೆ ನೀನೂ ಕೊಡ್ತಿದ್ಯಾ?”

ತಂಗಿ ಅತ್ತಿತ್ತ ನೋಡಿದಳು. “ಯಾರನ್ನ ಕೇಳ್ತಿರೋದು?”

“ನಿನ್ನನ್ನೇ.”

“ಕೊಡದೆ ಮತ್ತೆ? ನಿನ್ನನ್ನ ನಂಬ್ಕೊಂಡು ಕೂರೋದಾ? ಹಾಕ್ಕೊಂಡಿರೋ ಕನ್ನಡಕಾನೇ ಹುಡುಕೋ ಆಸಾಮಿ ನೀನು. ಬೆಳಿಗ್ಗೆ ಅರ್ಧ, ಸಂಜೆ ಅರ್ಧ. ಒಂದು ದಿನ ತಪ್ಪಿಸಿಲ್ಲ.” ಆ ಮಾತಿನಲ್ಲಿ ಹೆಮ್ಮೆಯಿತ್ತು. ಅವನು ಕತ್ತರಿಸಿದ ಬಟ್ಟೆಗಳ ಮೇಲೆಯೇ ಕುಸಿದು ಕೂತ. “ನಾನೂ ತಪ್ಪಿಸಿಲ್ಲ” ಎಂದ.

ಅರ್ಥವಾಗಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ “ನನ್ನ ಒಂದು ಮಾತು ಕೇಳಬಾರ್ದಾಗಿತ್ತಾ?” ಎಂದು ಕೂಗಿದಳು.

“ನೀನು ಒಂದು ಮಾತು ಹೇಳಬಾರ್ದಾಗಿತ್ತಾ?”

“ಹೇಗೆ ಹೇಳ್ಲಿ? ಅವಳು ಮಲಗಿದ್ಲು!”

“ನಾನು ಬಂದಾಗ್ಲೂ ಮಲಗಿದ್ಲು!”

ಹೊರಗಿನಿಂದ ಯಾರಾದರೂ ಕೇಳಿಸಿಕೊಂಡಿದ್ದರೆ ಇವರಿಗೆ ತಲೆ ಕೆಟ್ಟಿದೆ ಎನ್ನುತ್ತಿದ್ದರು. ಇಬ್ಬರಿಗೂ ಅದು ಗೊತ್ತಾಯಿತು. ತಂಗಿ ಬೆರಳಿನ ಕವಚ ಕಳಚಿ ಡಬ್ಬಿಯಲ್ಲಿಟ್ಟು, ಚಪ್ಪಲಿ ಮೆಟ್ಟಿ, ಬಾಗಿಲಲ್ಲಿ ನಿಂತಳು. ಅವನು ಬುಟ್ಟಿ ಎತ್ತಿಕೊಂಡ.

ಬೈಸಿಕೊಳ್ಳಲು ಸಿದ್ಧನಾಗಿಯೇ ಅವನು ಡಾಕ್ಟರ ಎದುರು ಎಲ್ಲವನ್ನೂ ಹೇಳಿದ. ಬೆಳಿಗ್ಗೆ ತಾನು “ಅಷ್ಟೇ” ಎಂದದ್ದನ್ನೂ ಬಿಡಲಿಲ್ಲ. ಡಾಕ್ಟರು ಬೈಯಲಿಲ್ಲ. “ಹೇಳಿದ್ದು ಒಳ್ಳೇದಾಯ್ತು” ಎಂದು ಕೈ ತೊಳೆದುಕೊಂಡರು. ಆಕೆಯ ಹಿಂದೆ ಬೋನು ತೊಳೆಯುತ್ತಿದ್ದ ಹೆಂಗಸು, “ಒಂದೇ ಮನೇಲಿ ಇದ್ಕೊಂಡಾ?” ಎಂದಳು, ಕುಹಕವಿಲ್ಲದೆ, ನಿಜವಾದ ಆಶ್ಚರ್ಯದಿಂದ. ಅದೊಂದು ಮಾತು ಅವನ ಕೆನ್ನೆಗೆ ಹೊಡೆದ ಹಾಗಾಯಿತು. “ಹಾಗಾದ್ರೆ ಮಾತ್ರೆಯಿಂದಲೇ ಆಗಿದ್ದಾ?” ಎಂದು ತಂಗಿ ಕೇಳಿದಳು. “ಇರಬಹುದು. ವಯಸ್ಸೂ ಇರಬಹುದು. ಎರಡೂ ಸೇರಿರಬಹುದು. ಯಾವುದು ಎಷ್ಟು ಅಂತ ನಾಳೆನೂ ಗೊತ್ತಾಗಲ್ಲ, ಯಾವತ್ತೂ ಗೊತ್ತಾಗಲ್ಲಮ್ಮ. ಅದು ಗೊತ್ತಾಗಲಿ ಅಂತ ಕಾಯ್ಬೇಡಿ. ಏನು ಮಾಡೋಣ ಈಗ?” “ಇರಲಿ, ಡ್ರಿಪ್ ಮುಂದುವರಿಸಿ” ಎಂದ ಅವನು. ಅದೇ ಉಸಿರಿನಲ್ಲಿ ತಂಗಿ, “ಸಾಕು” ಎಂದಳು. ಡಾಕ್ಟರು ಇಬ್ಬರನ್ನೂ ನೋಡಿ, “ಹೊರಗೆ ಬೆಂಚಿದೆ” ಎಂದರು.

ಬೆಂಚಿನ ಒಂದು ಕೊನೆಯಲ್ಲಿ ಒಬ್ಬ ದಪ್ಪ ಮನುಷ್ಯ ಸಣ್ಣ ನಾಯಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. “ನಮ್ಮದು ಕಿವಿನೋವು. ನಿಮ್ಮದು?” ಎಂದ. ಆಮೇಲೆ ನಾಯಿಗೇ ಸಮಾಧಾನ ಹೇಳತೊಡಗಿದ. ಅಣ್ಣ ತಂಗಿ ಪಕ್ಕಪಕ್ಕದಲ್ಲಿ, ಮುಖ ಮುಖ ನೋಡುವ ಅಗತ್ಯವಿಲ್ಲದ ಹಾಗೆ, ಎದುರಿನ ರಸ್ತೆ ನೋಡುತ್ತ ಕೂತರು. ಪಕ್ಕದಿಂದ ಬರುವ ಅವಳ ದನಿ ಅವನಿಗೆ ಹೊಸದಾಗಿತ್ತು. ಮನೆಯಲ್ಲಿ ಅದು ಯಾವಾಗಲೂ ಕೆಳಗೆ, ನೆಲದ ಕಡೆಗೆ ಬಾಗಿ, ಮಗುವಿನೊಡನೆ ಮಾತಾಡುವಂತೆ ಸ್ವಲ್ಪ ಎಳೆದು ಬರುತ್ತಿತ್ತು. ಇದು ನೆಟ್ಟಗೆ ಬಂತು. “ಅಣ್ಣಾ, ನೀನು ಉಳಿಸ್ಬೇಕು ಅಂತಿರೋದು ಅವಳಿಗೋಸ್ಕರಾನಾ?” ಅಣ್ಣಾ ಎಂದು ಕರೆಸಿಕೊಂಡು ಎಷ್ಟು ಕಾಲವಾಗಿತ್ತೋ, ಆ ಪದ ಕಿವಿಗೆ ಬಿದ್ದು ಪ್ರಶ್ನೆ ಹಿಂದೆ ಬಿತ್ತು. ಅವಳಿಗೋಸ್ಕರವೇ? ಅವಳು ಎದ್ದು ಒಲೆಯ ಪಕ್ಕ ಮೈ ಮುರಿದರೆ ತನ್ನ ತಪ್ಪು ಚಿಕ್ಕದಾಗುತ್ತದೆ, ಅದಕ್ಕೋ? ಅವಳಿಲ್ಲದ ಮನೆಯಲ್ಲಿ ಊಟ ಆರಿತೆಂದು ಹೇಳುವವರು ಇರುವುದಿಲ್ಲ, ಅದಕ್ಕೋ? ಒಂದರ ಮೇಲೊಂದು ಕಾರಣ ಇಟ್ಟು ನೋಡಿದ. ನೋಡಿದಷ್ಟೂ ಮಬ್ಬು ಕವಿಯಿತು. “ಗೊತ್ತಿಲ್ಲ ಕಣೇ” ಎಂದ. “ನಂಗೂ” ಎಂದಳು ತಂಗಿ. “ಸಾಕು ಅಂದಿದ್ದು ಅವಳ ಕಷ್ಟ ನೋಡೋಕಾಗದೆಯೋ, ನಾನು ಮಾಡಿದ್ದನ್ನ ದಿನಾ ನೋಡ್ತಾ ಕೂರೋಕಾಗದೆಯೋ. ಭಗವಂತನಿಗೇ ಗೊತ್ತು.” ನಾಯಿಯ ಮನುಷ್ಯನನ್ನು ಒಳಗೆ ಕರೆದರು. ಅವನು ಹೋದ ಮೇಲೂ ಇಬ್ಬರೂ ಜಾಗ ಬಿಟ್ಟು ಸರಿಯಲಿಲ್ಲ. “ಬೋನಲ್ಲಿ ಬೇಡ” ಎಂದಳು ಅವಳು ಕೊನೆಗೆ. “ಮನೇಲಿ ನೋಡೋಣ. ಚೇತರಿಸ್ಕೊಂಡ್ರೆ ಚೇತರಿಸ್ಕೊಳ್ಲಿ. ಇಲ್ಲಾಂದ್ರೆ ಎಳೆಯೋದು ಬೇಡ.” “ಇಲ್ಲಾಂದ್ರೆ ಅನ್ನೋದು ನಮಗೆ ಹೇಗೆ ಗೊತ್ತಾಗುತ್ತೆ?” “ಅದನ್ನೂ ಅವರನ್ನೇ ಕೇಳೋಣ.”

ಡಾಕ್ಟರು ತೋರಿಸಿಕೊಟ್ಟರು. ಹೆಗಲ ಹತ್ತಿರದ ಸಡಿಲ ಚರ್ಮವನ್ನು ಒಬ್ಬರು ಎತ್ತಿ ಹಿಡಿಯಬೇಕು, ಇನ್ನೊಬ್ಬರು ಸೂಜಿ ತೂರಿಸಬೇಕು, ಹಿಡಿದವರು ಹೇಳಿದಾಗ ನಿಲ್ಲಿಸಬೇಕು. “ಒಬ್ಬರ ಕೈಲಿ ಆಗೋದಲ್ಲ ಇದು. ಮಾತ್ರೆ ಬಂದ್. ತಟ್ಟೆ ಇಟ್ಟಾಗ ಮುಖ ಆ ಕಡೆ ತಿರುಗಿಸಿದ್ಲು ಅಂದ್ರೆ, ತನ್ನ ಮೈ ತಾನು ನೆಕ್ಕೊಳ್ಳೋದು ಬಿಟ್ಲು ಅಂದ್ರೆ, ನಂಗೊಂದು ಫೋನ್ ಮಾಡಿ. ಮನೆಗೇ ಬರ್ತೀನಿ. ಫೋನ್ ಯಾರು ಮಾಡ್ತೀರಿ? ಅದೂ ಈಗಲೇ ಮಾತಾಗಿರಲಿ.” ಅವನು ತಂಗಿಯ ಕಡೆ ನೋಡಿದ, ತಂಗಿ ನೆಲ ನೋಡುತ್ತಿದ್ದಳು. “ನಾನು” ಎಂದ.

ಮನೆಯಲ್ಲಿ ಮೊದಲ ದಿನ ಅವನು ಚುಚ್ಚಿದ ಸೂಜಿ ಚರ್ಮದ ಈ ಬದಿಯಿಂದ ಹೊಕ್ಕು ಆ ಬದಿಯಿಂದ ಹೊರಬಂದು ತಂಗಿಯ ತೋಳು ತೊಯ್ದುಹೋಯಿತು. “ನೀರು ಅವಳಿಗೆ ಕೊಡೋ, ನಂಗಲ್ಲ!” ಎಂದು ಅವಳು ಬೈದಳು. “ಅಲ್ಲಾಡ್ಬೇಡ ಅಂತ ಹೇಳು ಅವಳಿಗೆ.” “ಅಲ್ಲಾಡ್ತಿರೋದು ನೀನು!” ಎರಡನೆಯ ಸಲಕ್ಕೆ ಸೂಜಿ ಸರಿಯಾಗಿ ಕೂತಿತು, ಹೆಗಲ ಮೇಲೆ ನೀರಿನ ಗಂಟೊಂದು ಮೆಲ್ಲನೆ ಉಬ್ಬಿತು. “ಸಾಕು” ಎಂದಳು ತಂಗಿ. ನಿಲ್ಲಿಸಿದ. ಹೀಗೆ ಕೆಲವು ದಿನ ನಡೆಯಿತು. ಅಮ್ಮಣ್ಣಿ ಕಿಟಕಿಯ ಬಿಸಿಲಿಗೆ ಹೋಗಿ ಕೂತಳು, ಒಂದು ಮುಂಗಾಲು ನೆಕ್ಕಿಕೊಂಡಳು. ಅಷ್ಟಕ್ಕೇ ಮನೆ ಬೆಳಗಿತು. ಆ ದಿನ ಅವನು ಅಂಗಡಿಯಲ್ಲಿ ಎಲ್ಲರಿಗೂ ಎರಡೆರಡು ಸಲ ಗಾಜು ಬದಲಿಸಿ ತೋರಿಸಿ, ಅವಸರವಿಲ್ಲ, ನಿಧಾನವಾಗಿ ಹೇಳಿ ಎನ್ನುತ್ತಿದ್ದ. ಆಮೇಲೆ ಬಿಸಿಲು ಇದ್ದಲ್ಲೇ ಇತ್ತು, ಅವಳು ಹೋಗಲಿಲ್ಲ. ಮೈಯ ಕೂದಲು ಜಡೆಗಟ್ಟಿತು. ನಿನ್ನೆಗಿಂತ ವಾಸಿ ಎಂದು ಒಬ್ಬರು, ನಿನ್ನೆಯಷ್ಟೇ ಎಂದು ಇನ್ನೊಬ್ಬರು. ಸಂಜೆಗೆ ಇಬ್ಬರ ಮಾತೂ ಅದಲುಬದಲು.

ಅವನು ಅಂಗಡಿಗೆ ಹೊರಟಿದ್ದ ಒಂದು ಬೆಳಿಗ್ಗೆ ತಂಗಿ ತಟ್ಟೆ ಇಟ್ಟಳು. ಅಮ್ಮಣ್ಣಿ ಮೂಸಲೂ ಇಲ್ಲ. ಕುತ್ತಿಗೆಯನ್ನು ನಿಧಾನವಾಗಿ, ಬಹಳ ಮರ್ಯಾದೆಯಿಂದ, ಗೋಡೆಯ ಕಡೆ ತಿರುಗಿಸಿದಳು. ತಟ್ಟೆಯನ್ನು ಆ ಬದಿಗೆ ಇಟ್ಟರೆ ಈ ಬದಿಗೆ ತಿರುಗಿಸಿದಳು. ಇಬ್ಬರೂ ನೋಡಿದರು. ಅವನು ಚಪ್ಪಲಿ ಬಿಚ್ಚಿ ಒಳಬಂದು ಫೋನಿನ ಗುಂಡಿ ಒತ್ತಿದ. ಆ ಕಡೆ ಗಂಟೆ ಬಾರಿಸುತ್ತಿರುವಾಗ ತಂಗಿ ತಟ್ಟೆಯಲ್ಲಿ ಬೆರಳು ಅದ್ದಿ ಬೆಕ್ಕಿನ ಮೂತಿಯ ಹತ್ತಿರ ಹಿಡಿದಳು. ಅಮ್ಮಣ್ಣಿ ಕಣ್ಣು ತೆರೆದಳು. ನಾಲಗೆ ಹೊರಬಂದು ಬೆರಳನ್ನು ಒಮ್ಮೆ ಸವರಿ ಒಳಗೆ ಹೋಯಿತು.

“ನೆಕ್ಕಿದ್ಲು” ಎಂದಳು ತಂಗಿ. ಅವಳ ಕಣ್ಣು ಅವನ ಮೇಲೆ ನೆಟ್ಟಿತು. “ಅಣ್ಣಾ, ನೆಕ್ಕಿದ್ಲು.”

“ಹಲೋ, ಹೇಳಿ” ಎಂದಿತು ಫೋನು.

ಅವನು ಬೆಕ್ಕನ್ನು ನೋಡಿದ. ಹಸಿವಿಗೆ ನೆಕ್ಕಿತೋ, ಬೆರಳಿನ ಗುರುತು ಹಿಡಿದು ನೆಕ್ಕಿತೋ, ಹುಟ್ಟಿದಾಗಿನಿಂದ ನಾಲಗೆಗೆ ಅಂಟಿದ ಅಭ್ಯಾಸವೋ. ಅಥವಾ ಇನ್ನೂ ಸ್ವಲ್ಪ ದಿನ ಇರುತ್ತೇನೆ ಎಂದು ಹೇಳಿತೋ, ಹೋಗಿಬರುತ್ತೇನೆ ಎಂದಿತೋ. ಎದೆ ಎರಡು ಕಡೆಗೂ ಎಳೆಯಿತು. ಫೋನು ಇಟ್ಟುಬಿಟ್ಟರೆ ಯಾರೂ ತಪ್ಪೆನ್ನುವುದಿಲ್ಲ, ನಾಳೆ ನೋಡಬಹುದು, ನಾಳೆಯೂ ಹೀಗೆಯೇ ನಿಲ್ಲಬಹುದು. ತಂಗಿಯನ್ನು ನೋಡಿದ. ಅವಳು ಒದ್ದೆ ಬೆರಳನ್ನು ಹಾಗೆಯೇ ಮೇಲಕ್ಕೆ ಹಿಡಿದಿದ್ದಳು. ಬೆಕ್ಕಿನ ಜಡೆಗಟ್ಟಿದ ಬೆನ್ನನ್ನು ಅವಳ ಇನ್ನೊಂದು ಕೈ ತಡವಿತು, ತಡವಿದ ಕೈ ಮೂಳೆಯ ಮೇಲೆ ನಿಂತಿತು. “ಹೇಳು” ಎಂದಳು, ಕೇಳಿಸೀತೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ.

“ಬನ್ನಿ ಡಾಕ್ಟ್ರೇ” ಎಂದ ಅವನು.

ಡಾಕ್ಟರು ಅಷ್ಟರಲ್ಲೇ ತಿಳಿದುಕೊಂಡರು. “ಈಗಲೇ ಹೊರಡ್ತೀನಿ. ಮನೆ ಗುರುತು ಹೇಳಿ.”

ಇಷ್ಟು ಕಾಲ ಬದುಕಿದ ಮನೆಯ ದಾರಿ ಅವನಿಗೆ ತಟ್ಟನೆ ನೆನಪಿಗೆ ಬರಲಿಲ್ಲ. “ಮಾರ್ಕೆಟ್ಟು ದಾಟಿ ಬನ್ನಿ, ದೊಡ್ಡ ಮರ ಸಿಗುತ್ತೆ, ಅಲ್ಲಿ ಎಡಕ್ಕೆ...” “ಬಲಕ್ಕೆ” ಎಂದಳು ತಂಗಿ ನೆಲದಿಂದ. “ಬಲಕ್ಕೆ ಅಂತೆ. ಬಲಕ್ಕೆ ತಿರುಗಿದ್ರೆ ಒಂದು ನೀರಿನ ಟ್ಯಾಂಕು. ಆಮೇಲೆ...” “ಟ್ಯಾಂಕಿನ ಹಿಂದಿನ ಗಲ್ಲಿ. ಮುಂದಿನದು ಅಂದ್ಕೊಂಡು ಹೋಗ್ಬಿಡ್ತಾರೆ, ಸರಿಯಾಗಿ ಹೇಳು.” “ಹಿಂದಿನ ಗಲ್ಲಿ, ಡಾಕ್ಟ್ರೇ. ಅಲ್ಲಿ ಯಾರನ್ನಾದ್ರೂ ಹೊಲಿಗೆಯವರ ಮನೆ ಅಂತ ಕೇಳಿ. ನನ್ನ ತಂಗಿ. ಎಲ್ಲರೂ ತೋರಿಸ್ತಾರೆ.”

ಫೋನು ಇಟ್ಟ ಮೇಲೆ ಏನು ಮಾಡಬೇಕೆಂದು ತಿಳಿಯದೆ ಅವನು ನಿಂತೇ ಇದ್ದ. ತಂಗಿ ಬೆಕ್ಕನ್ನು ಮಡಿಲಿಗೆ ಎತ್ತಿಕೊಂಡು, ಗೋಡೆಗೆ ಒರಗಿ, ಕಾಲು ಚಾಚಿ ಕೂತು, ಪಕ್ಕದಲ್ಲಿ ಬಿದ್ದಿದ್ದ ಬಟ್ಟೆಯ ಚೂರುಗಳನ್ನು ಕೈಯಿಂದ ಆಚೆ ಸರಿಸಿದಳು. ಅಲ್ಲಿ ಒಬ್ಬರು ಕೂರುವಷ್ಟು ಜಾಗವಾಯಿತು.